ನಾಲ್ವರ ಆಣೆ

ಎಪ್ಪತ್ತನಾಲ್ಕರ ಚಳಿಗಾಲ. ಲೆನಿನ್‌ಗ್ರಾಡಿನ ನನ್ನ ಕೋಣೆಯಲ್ಲಿ ಸರ್ಕಾರ ಸಹಿಸದ ಅಮೂರ್ತ ಚಿತ್ರಗಳನ್ನು ಬರೆಯುತ್ತಿದ್ದ ನಾವು ಮೂವರು ಕದ್ದುಮುಚ್ಚಿ ಪ್ರದರ್ಶನ ನಡೆಸಿದ್ದೆವು. ನಾಲ್ಕನೆಯವನಾದ ಅರ್ಖಿಪ್ ಸೆರೆಮನೆಯಲ್ಲಿ ಸತ್ತು ಅಂದಿಗೆ ಒಂಬತ್ತು ದಿನ. ಅವನ ಹಳೆಯ ಕಡುನೀಲಿ ಚಿತ್ರ ಬೆಳಿಗ್ಗೆಯಿಂದ ಏಕೋ ಒದ್ದೆಯಾಗಿತ್ತು.

ಮಧ್ಯಾಹ್ನ ಪೊಲೀಸ್ ಅಧಿಕಾರಿ ನುಗ್ಗಿ ಆ ನೀಲಿ ಚಿತ್ರದತ್ತ ಬೆರಳು ತೋರಿದ. "ಏನ್ರೋ, ಗೋಡೆಗೆ ಶಾಯಿ ಚೆಲ್ಲಿದ್ದೀರಾ? ಯಾವನು ಬರೆದಿದ್ದು ಇದನ್ನ?"

ಒಪ್ಪಿಕೊಂಡರೆ ಕಾರ್ಮಿಕ ಶಿಬಿರ. ಆದರೆ ಯಾರ ಚಿತ್ರ ಸಿಕ್ಕಿಬಿದ್ದರೂ ಎಲ್ಲರೂ ತಮ್ಮದೆನ್ನಬೇಕೆಂದು ನಾಲ್ವರೂ ಆಣೆಯಿಟ್ಟಿದ್ದೆವು.

"ನಾನೇ," ಎಂದೆ.

"ನಾನು ಕಣಪ್ಪಾ," ಎಂದಳು ಕ್ಲಾವ್ದಿಯಾ.

"ಇವರಿಬ್ಬರಿಗೂ ನೆಟ್ಟಗೆ ಗೆರೆ ಎಳೆಯಕ್ಕೂ ಬರಲ್ಲ ಸ್ವಾಮಿ, ಅದು ನಂದು," ಎಂದ ಮುದುಕ ಫೆಲಿಕ್ಸ್.

ಅಧಿಕಾರಿ ಖಾಲಿ ಮೂಲೆಯತ್ತ ತಿರುಗಿದ. "ನೀನೂನಾ? ಸರಿ, ಎಲ್ಲರೂ ಈ ತಪ್ಪೊಪ್ಪಿಗೆ ಕಾಗದಕ್ಕೆ ರುಜು ಹಾಕಿ."

ನಾನು ಕೊನೆಯಲ್ಲಿ ಹಾಕಿದೆ. ಮೇಲೆ ಆಗಲೇ ಮೂರು ರುಜುಗಳಿದ್ದವು. ಅರ್ಖಿಪ್‌ನದು ಕಡುನೀಲಿ ಬಣ್ಣದಲ್ಲಿತ್ತು, ಇನ್ನೂ ಒಣಗಿರಲಿಲ್ಲ.