ಮುಚ್ಚಳದ ನಾಡಿಗೆ ಬಂದ ಮಳೆ

ಬಹಳ ಹಿಂದೆ, ಹಾದಿಗಳಿಗಿನ್ನೂ ಹೆಸರಿಲ್ಲದ ಕಾಲದಲ್ಲಿ, ಮರುಳನಾಡು ಎಂಬ ರಾಜ್ಯವಿತ್ತು. ಅಲ್ಲಿಗೆ ಜಡಭೃಂಗನೆಂಬ ಮಾಂತ್ರಿಕ ಬಂದ. ಅವನು ಸ್ನಾನ ಮಾಡಿದ್ದನ್ನು ಕಂಡವರಿಲ್ಲ.

“ಸೂರ್ಯ ನಿಮ್ಮ ನೀರು ಕದೀತಾನೆ. ಎಲ್ಲಾ ಮುಚ್ಚಿಡಿ,” ಎಂದ.

ಜನ ನಂಬಿದರು. ಗಡಿಗೆ, ಬಾವಿ, ಕೊನೆಗೆ ದೊಡ್ಡ ಕೆರೆಗೂ ತಾಮ್ರದ ಮುಚ್ಚಳ ಬಿತ್ತು. ಏಳು ವರ್ಷ ಮಳೆಯಾಗಲಿಲ್ಲ. ದಿನಕ್ಕೆ ಆಳಿಗೊಂದು ಸೌಟು ನೀರು. ಸಾಯುವವರ ಬಾಯಿಗೆ ಬಿಡಲೂ ಹನಿ ಉಳಿಯುತ್ತಿರಲಿಲ್ಲ. ಆದರೂ ಮುಚ್ಚಳ ತೆಗೆಯೋಣವೆಂದು ಒಬ್ಬರಿಗೂ ಹೊಳೆಯಲಿಲ್ಲ, ಅಷ್ಟು ಜಾಣರು.

ಬೊಮ್ಮಕ್ಕ ಮಕ್ಕಳಿಗೆ ಪಾಠ ಹೇಳುವವಳು. ಕಪ್ಪು ಬಟ್ಟೆಯ ಮಡಿಕೆ ಪುಸ್ತಕವಾದ ಕಡತದ ಮೇಲೆ ಬಳಪದಿಂದ ಚಿತ್ರ ಬರೆದು, ಒಂದೊಂದೇ ಮಡಿಕೆ ಬಿಚ್ಚಿ ತೋರಿಸುತ್ತಿದ್ದಳು: ಕೆರೆ, ಆವಿ, ಮೋಡ, ಮಳೆ. ಮಳೆಯನ್ನೇ ಕಾಣದ ಮಕ್ಕಳು ಆ ಬಿಳಿ ಗೆರೆಗಳನ್ನು ಮುಟ್ಟಿ ನೋಡುತ್ತಿದ್ದರು.

ಅವಳ ಮಗಳು, ಆರು ವರ್ಷದ ಈರಿ, ನೀರು ಹಂಚುವ ಕಟ್ಟೆಯಲ್ಲಿ ಒಂದು ದಿನ ಮಾಂತ್ರಿಕನಿಗೇ ಹೇಳಿಬಿಟ್ಟಳು: “ಸೂರ್ಯ ಕಳ್ಳ ಅಲ್ಲ ಅಜ್ಜಾ. ಒಯ್ದ ನೀರು ತಿರುಗಿ ಕೊಡ್ತಾನೆ. ಅವ್ವನ ಪುಸ್ತಕದಾಗೆ ಐತೆ.”

ಮಾಂತ್ರಿಕ ಕೋಲು ಆಡಿಸಿದ. ಈರಿ ಕಲ್ಲಾದಳು.

ಬೊಮ್ಮಕ್ಕ ಓಡಿ ಬಂದು ಕಲ್ಲನ್ನು ತಬ್ಬಿಕೊಂಡಳು. “ಮೂರು ದಿನ ಕೊಡ್ತೀನಿ,” ಎಂದ ಅವನು. “ನಿನ್ನ ಪುಸ್ತಕದ ಮಳೆ ಸುರಿಸು, ಮಗಳು ನಿನ್ನವಳು. ಇಲ್ಲಾಂದ್ರೆ ನೀನೂ ಕಲ್ಲು.” ಕೆರೆಯ ಮುಚ್ಚಳವನ್ನು ಅವನ ಮೂರು ಮಾಯಾಮೃಗಗಳು ಕಾಯುತ್ತಿದ್ದವು. ಅದೇ ಅವನ ಧೈರ್ಯ.

ಮೊದಲ ದಿನ ಬೊಮ್ಮಕ್ಕ ಮುಚ್ಚಳ ತೆಗೆಯಲು ಕೆರೆಗೆ ಹೋದಾಗ ಹೆಬ್ಬಾವು ಬಾಯಿ ತೆರೆಯಿತು. ಅದರ ನಾಲಿಗೆ ಒಣಗಿ ಬಿರಿದಿತ್ತು. ಬೊಮ್ಮಕ್ಕ ತನ್ನ ಪಾಲಿನ ಸೌಟು ನೀರನ್ನು ಅದಕ್ಕೆ ಕುಡಿಸಿದಳು. ಹೆಬ್ಬಾವು ಸರಿದುಹೋಯಿತು. ಎರಡನೆಯ ದಿನ ಹುಲಿ. ಆ ದಿನದ ಸೌಟು ಹುಲಿಯ ಪಾಲಾಯಿತು. ಮೂರನೆಯ ದಿನ ಆನೆ. ಬೊಮ್ಮಕ್ಕನ ತುಟಿಯಿಂದ ರಕ್ತ ಜಿನುಗುತ್ತಿತ್ತು. ಆದರೂ ಸೌಟು ಮುಂದೆ ಚಾಚಿದಳು. ಆನೆ ಕುಡಿದು, ಸೊಂಡಿಲಿನಿಂದ ಮುಚ್ಚಳ ಕಿತ್ತೆಸೆಯಿತು.

ಬಿಸಿಲು ಕೆರೆಗೆ ಬಿತ್ತು. ಆವಿ ಎದ್ದಿತು. ನೀರು ಮೊಣಕಾಲಿಗಿಳಿಯಿತು, ಪಾದಕ್ಕಿಳಿಯಿತು, ಕೆಸರಾಯಿತು.

“ಮನೆಹಾಳಿ, ಇದ್ದ ನೀರೂ ಹೋಯ್ತಲ್ಲೇ,” ಎಂದು ಜನ ಕಲ್ಲು ತೂರಿದರು. ಕಡತವನ್ನು ಹರಿದಾರೆಂದು ಬೊಮ್ಮಕ್ಕ ಅದನ್ನು ಬಲಗೈಯಲ್ಲಿ ಹಿಡಿದು ಸೆರಗಿನೊಳಗೆ ಮುಚ್ಚಿಕೊಂಡಳು. ಆಕಾಶ ಬೋಳಾಗಿತ್ತು. ತಾನು ಬರೆದದ್ದೇ ಸುಳ್ಳಾದರೆ ಎಂದು ಅವಳಿಗೂ ಭಯವಾಯಿತು.

ಹೊತ್ತು ಮುಳುಗುವಾಗ ಮಾಂತ್ರಿಕ ಕೋಲೆತ್ತಿದ. ಅವಳ ಕಾಲು ಕಲ್ಲಾಯಿತು, ಸೊಂಟ ಕಲ್ಲಾಯಿತು, ಬಲಗೈ ಕಲ್ಲಾಯಿತು. ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಮೋಡ ಬಂತು. ಈರಿಯ ಕಲ್ಲು ಹಣೆಯ ಮೇಲೆ ಒಂದು ಹನಿ ಬಿತ್ತು.

ಮಳೆ ಸುರಿಯಿತು. ಮಾಂತ್ರಿಕನ ಮೂಗು ಕರಗಿತು, ಕೈ ಕರಗಿತು. ಅವನು ಹಸಿಮಣ್ಣಿನವನು. ಮಳೆಗೆ ಅಂಜಿಯೇ ಇಡೀ ನಾಡಿಗೆ ಮುಚ್ಚಳ ಹಾಕಿಸಿದ್ದ. ಕೆಸರಾಗಿ ಕೆರೆಗೆ ಹರಿದುಹೋದ.

ಮೊದಲ ಹನಿಗಳು ಮುಟ್ಟಿದ ಕಲ್ಲೆಲ್ಲ ಮೈಯಾಯಿತು. ಈರಿ ಕಣ್ಣು ಬಿಟ್ಟು “ಅವ್ವಾ” ಎಂದಳು. ಆದರೆ ಬೊಮ್ಮಕ್ಕನ ಸೆರಗಿನೊಳಗಿದ್ದ ಕೈಗೆ ಆ ಹನಿಗಳು ತಲುಪಲಿಲ್ಲ. ಅವಳೂ ಆ ನಾಡಿನವಳೇ, ಮುಚ್ಚಿಟ್ಟುಕೊಂಡಿದ್ದಳು. ಆಮೇಲಿನ ಹನಿಗಳಿಗೆ ಆ ಗುಣವಿರಲಿಲ್ಲ. ಆ ಕೈ ಕಲ್ಲಾಗಿಯೇ ಉಳಿಯಿತು.

ಮುಂದೆ ಆ ನಾಡಿನಲ್ಲಿ ಗಡಿಗೆಗಳು ಬಾಯಿ ತೆರೆದಿದ್ದವು, ಕೆರೆ ತುಂಬಿತ್ತು, ಜನ ಸುಖವಾಗಿದ್ದರು. ಕಲ್ಲು ಬೆರಳುಗಳಿಂದ ಕಡತವನ್ನು ಬಿಡಿಸಿಕೊಂಡರು. ಅದರಲ್ಲಿ ಚಿತ್ರ ಬರೆಯುವ ಕೆಲಸ ಈರಿಯದಾಯಿತು.

“ಅವ್ವಾ, ಮಳೆ ಬರೆದಾಯ್ತು. ಆಮೇಲೆ ಏನ್ ಬರೀಲಿ?”

“ಮೊದಲ್ನೇ ಮಡಿಕೆ ಬಿಚ್ಚು ಮಗಾ.”

ಅಲ್ಲಿ ಕೆರೆ ಇತ್ತು. ಈರಿ ಸೂಜಿ ತಂದಳು. ತಾಯಿಯ ಕಲ್ಲು ಕೈಯನ್ನು ಬಟ್ಟೆಯ ಮೇಲೆ ಭಾರಕ್ಕಿಟ್ಟು, ಮಳೆಯ ಮಡಿಕೆಯನ್ನು ಕೆರೆಯ ಮಡಿಕೆಗೆ ಹೊಲಿದಳು.