ನಿಕಲ್ ಗುಂಡಿಗೆ ಹಿಡಿದ ಮಸಿ

೧೯೮೬ರ ಏಪ್ರಿಲ್ ೧೧, ಬೆಳಿಗ್ಗೆ ಒಂಬತ್ತೂವರೆ. ತಿರ್ಲಾಪುರದ ವನಸ್ಪತಿ ತುಪ್ಪದ ಕಾರ್ಖಾನೆಯ ಮ್ಯಾನೇಜರ್ ಬಾಳಕೃಷ್ಣ ಠಾಣೆಗೆ ಬಂದು ದೂರು ಬರೆದುಕೊಟ್ಟ: ಕುಲುಮೆಯ ಪೈಪ್ ಸಿಡಿದು ಕೆಲಸಗಾರ ಹೊಳೆಪ್ಪ ಸತ್ತಿದ್ದಾನೆ, ಕಾರಣ ಪಾಳಿಯಲ್ಲಿದ್ದ ಆಪರೇಟರ್ ಇಸ್ಮಾಯಿಲಸಾಬನ ನಿರ್ಲಕ್ಷ್ಯ. ಎಫ್‌ಐಆರ್ ಆಯಿತು. ಇಸ್ಮಾಯಿಲಸಾಬ ಲಾಕಪ್ ಸೇರಿದ. ಸತ್ತವನ ತಮ್ಮ ಈರಪ್ಪ, ಅದೇ ಕಾರ್ಖಾನೆಯ ಬಾಯ್ಲರ್‌ನವನು, ಠಾಣೆಯ ಅಂಗಳದಲ್ಲಿ ಎದೆ ಬಡಿದುಕೊಂಡು, “ಅವನ್ನ ಗಲ್ಲಿಗೆ ಹಾಕ್ರಿ ಸಾಹೇಬ್ರ!” ಎಂದು ಅರಚುತ್ತಿದ್ದ.

ಸಬ್‌ಇನ್‌ಸ್ಪೆಕ್ಟರ್ ಕುಬೇರಪ್ಪ ಹೆಣ ಕಾಣದವನೇನಲ್ಲ. ಆದರೂ ಪಂಚನಾಮೆಗೆ ಹೋಗಿ ಆ ಪೈಪ್ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಬೆರಳುದಪ್ಪದ ಉಕ್ಕು ಹಳೇ ಬಟ್ಟೆಯಂತೆ ಹರಿದಿತ್ತು. ಒಳಗಿನ ನಿಕಲ್ ಗುಂಡುಗಳಿಗೆಲ್ಲ ಕರ್ರಗೆ ಮಸಿ ಮೆತ್ತಿತ್ತು.

“ಏನ್ರಿ ಇದು?”

“ಎಣ್ಣಿ ಗಟ್ಟಿ ಮಾಡಿ ತುಪ್ಪ ಮಾಡಾಕ ಹೈಡ್ರೋಜನ್ ಬೇಕ್ರಿ. ಈ ಗುಂಡಿನ ಮ್ಯಾಲ ಪೆಟ್ರೋಲಿನಂಥ ನಾಫ್ತಾ ಹಾಯಿಸಿ ಅದನ್ನ ತಗೀತೀವ್ರಿ,” ಎಂದ ಬಾಳಕೃಷ್ಣ. “ಅದರ ಜೋಡಿ ನೀರಿನ ಉಗಿ ಬಿಡಬೇಕು. ಉಗಿ ಕಡಿಮಿ ಆದ್ರ ಮಸಿ ಹಿಡೀತದ, ಪೈಪ್ ಕೆಂಡ ಆಗಿ ಸಿಡೀತದ.”

“ಕಡಿಮಿ ಆಗಿತ್ತೇನು?”

“ಇಲ್ರಿ. ಉಗಿ ಲೆಕ್ಕದ ಪುಸ್ತಕದಾಗ ಬರೋಬ್ಬರಿ ಬರದಾರ.”

ಪುಸ್ತಕ ಬರೋಬ್ಬರಿ, ಗುಂಡಿಗೆ ಮಸಿ! ಯಾವುದೋ ಒಂದು ಸುಳ್ಳು. ಮಸಿಯಂತೂ ಕಣ್ಣೆದುರಿಗಿತ್ತು.

ಈ ಸೀಮೆಯಲ್ಲಿ ಬಾವಿ ತೋಡಿದರೆ ಸವಳು ನೀರು. ಊರೂ ಕಾರ್ಖಾನೆಯೂ ಒಂದೇ ಸಿಹಿನೀರಿನ ಕೆರೆಯನ್ನು ನಂಬಿದ್ದವು. ಸಂಜೆ ನಾಲ್ಕಕ್ಕೆ ಕುಬೇರಪ್ಪ ಅಲ್ಲಿ ಕೊಡ ತುಂಬುತ್ತಿದ್ದ ಮಲ್ಲಕ್ಕನನ್ನು ಕೇಳಿದ.

“ಕಾರ್ಖಾನಿಗೆ ದಿನಾ ಎಷ್ಟು ಟ್ಯಾಂಕರ್ ಹೋಗ್ತಾವವ್ವಾ?”

“ಮೊದಲ ಆರು ಹೊಕ್ಕಿದ್ವುರಿ. ಈಗೊಂದು ತಿಂಗಳಾತು, ನಾಕ. ಯಾರ ಪುಣ್ಯಾನೋ ಏನೋ, ನಮ್ಮ ಕೊಡಾ ತುಂಬಾಕತ್ತಾವ.”

ನೀರೇ ಕಡಿಮೆಯಾದರೆ ಉಗಿ ಎಲ್ಲಿಂದ ಬರಬೇಕು? ಟ್ಯಾಂಕರ್ ತರಿಸುವುದು, ಉಗಿಯ ವಾಲ್ವ್ ತಿರುವುವುದು, ಪುಸ್ತಕ ಬರೆಯುವುದು, ಮೂರೂ ಬಾಯ್ಲರ್‌ನವನ, ಅಂದರೆ ಈರಪ್ಪನ ಕೆಲಸ. ಕುಬೇರಪ್ಪನಿಗೆ ನಂಬಲಾಗಲಿಲ್ಲ. “ಶಿವನೇ, ಒಡಹುಟ್ಟಿದ ತಮ್ಮ!” ಎಂದ.

ಏಪ್ರಿಲ್ ೧೨, ಬೆಳಿಗ್ಗೆ ಹತ್ತು. ಕುಬೇರಪ್ಪ ಈರಪ್ಪನನ್ನು ಕರೆಸಿದ.

“ವಾಲ್ವ್ ತಿರುವಿದಾವ ಯಾರು?”

“ನಾನ ರೀ.” ಮುಚ್ಚುಮರೆಯೇ ಇಲ್ಲ! “ಅಷ್ಟೊಂದು ಉಗಿ ಸುಮ್ನ ಗಾಳಿಗೆ ಹೊಕ್ಕಿತ್ರಿ. ಕೆರಿ ದಂಡಿಗೆ ಹೆಣ್ಮಕ್ಕಳು ಒಂದು ಕೊಡಕ್ಕ ಬಡದಾಡ್ತಿದ್ರು. ದಿನಾ ಒಂದೀಟ ತಿರುವಿ ಉಗಿ ಕಡಿಮಿ ಮಾಡಿ ಎರಡು ಟ್ಯಾಂಕರ್ ನೀರು ಉಳಿಸಿದೆ. ಸಾಹೇಬ್ರು ಬೈತಾರಂತ ಪುಸ್ತಕದಾಗ ಹಳೇ ಅಂಕೀನ ಬರದೆ. ಅದಕೂ ಇದಕೂ ಏನ್ರಿ ಸಂಬಂಧ? ನಮ್ಮಣ್ಣನ್ನ ಕೊಂದಾವ ಒಳಗ ಕುಂತಾನಲ್ರಿ!”

ಈ ಮನುಷ್ಯನಿಗೆ ಏನೂ ಗೊತ್ತಿಲ್ಲ! ಕುಬೇರಪ್ಪ ಕುರ್ಚಿಯಿಂದೆದ್ದು ಅವನ ಹತ್ತಿರ ಬಂದ. ಹೇಳದೆ ವಿಧಿ ಇರಲಿಲ್ಲ.

“ಈರಪ್ಪಾ, ಗುಂಡಿಗೆ ಮಸಿ ಹಿಡೀದಂಗ ಕಾಯ್ತಿದ್ದದ್ದು ಆ ಉಗೀನ.”

ಈರಪ್ಪ ಲಾಕಪ್ಪಿನಲ್ಲಿದ್ದ ಇಸ್ಮಾಯಿಲಸಾಬನ ಕಡೆ ತಿರುಗಿದ. ನಿಂತಲ್ಲೇ ಕುಸಿದ.

ಹನ್ನೊಂದೂ ಇಪ್ಪತ್ತಕ್ಕೆ ಕಲಂ ೩೦೪–ಎ ಅಡಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು, ಈರಪ್ಪನ ಬಂಧನವಾಯಿತು. ಬಿಡುಗಡೆಯಾದ ಇಸ್ಮಾಯಿಲಸಾಬ ಮನೆಗೆ ಹೋಗಲಿಲ್ಲ. ಈರಪ್ಪನ ಬಾಜು ಕೂತು ಬಿಕ್ಕಿ ಬಿಕ್ಕಿ ಅತ್ತ.

ಕೇಸ್ ಡೈರಿಯಲ್ಲಿ, ಆರೋಪಿ ಉಗಿ ಕಡಿಮೆ ಮಾಡಿದ ಉದ್ದೇಶವನ್ನೂ ಬರೆಯಬೇಕು. ಕುಬೇರಪ್ಪ ಬರೆದ: “ಊರಿಗೆ ಕುಡಿಯುವ ನೀರು ಉಳಿಸಲು.”