ಕೆಂಪು ದೀಪಕ್ಕೆ ಇಪ್ಪತ್ತು ನಿಮಿಷ

ಗಣಿತ ಪರೀಕ್ಷೆ ಶುರುವಾಗಿ ಎರಡು ಗಂಟೆಯಾಗಿತ್ತು. ಹನ್ನೊಂದನೆಯ ಕೊಠಡಿಯ ಇಪ್ಪತ್ತನಾಲ್ಕು ಮೇಜುಗಳ ಮೇಲೆ ಇಪ್ಪತ್ತನಾಲ್ಕು ಪುಟ್ಟ ದೀಪಗಳು ಉರಿಯುತ್ತಿದ್ದವು. ಹದಿನಾರು ಹಸಿರು, ಏಳು ಹಳದಿ. ಕಿಟಕಿ ಪಕ್ಕದ್ದು ಮಾತ್ರ ಕೆಂಪು. ಅದು ಕೆಂಪಾಗಿ ಆಗಲೇ ಹನ್ನೆರಡು ನಿಮಿಷ ಕಳೆದಿತ್ತು.

ಆ ದೀಪಕ್ಕೆ ಅಭಯದೀಪ ಎಂದು ಹೆಸರು. ವಿದ್ಯಾರ್ಥಿಯ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯಲ್ಲಿ ಎರಡು ಉಪಕರಣಗಳಿರುತ್ತವೆ. ನಾಡಿಗ್ರಾಹಿ ಎದೆಬಡಿತವನ್ನು ಎಣಿಸುತ್ತದೆ, ಸ್ವೇದಮಾಪಕ ಚರ್ಮದ ಬೆವರನ್ನು ಅಳೆಯುತ್ತದೆ. ಎರಡನ್ನೂ ಸೇರಿಸಿ ಗಣಕವು ಭಯಾಂಕ ಎಂಬ ಒಂದು ಸಂಖ್ಯೆಯನ್ನು ಕೊಡುತ್ತದೆ. ಭಯಾಂಕ ಕಡಿಮೆಯಿದ್ದರೆ ಹಸಿರು, ಏರಿದರೆ ಹಳದಿ, ಮಿತಿ ಮೀರಿದರೆ ಕೆಂಪು. ಪರೀಕ್ಷೆಗೆ ಹೆದರಿ ಮಕ್ಕಳು ನರಳಬಾರದು ಎಂಬ ಒಂದೇ ಆಸೆಯಿಂದ ಡಾ. ಮಂದಾಕಿನಿ ಒಂಬತ್ತು ವರ್ಷ ದುಡಿದು ಇದನ್ನು ಕಟ್ಟಿದ್ದರು. ಆಸೆ ಒಳ್ಳೆಯದೇ. ಆದರೆ ಒಳ್ಳೆಯ ಆಸೆ ಕೈಗೆ ಸಿಕ್ಕ ಕೂಡಲೇ ಅದಕ್ಕೊಂದು ನಿಯಮ ಅಂಟಿಸದಿದ್ದರೆ ದೊಡ್ಡವರಿಗೆ ಸಮಾಧಾನವಿಲ್ಲ. ಇಪ್ಪತ್ತು ನಿಮಿಷ ಸತತವಾಗಿ ಕೆಂಪು ಉರಿದರೆ ಆ ಮಗುವನ್ನು ಎಬ್ಬಿಸಿ ವಿಶ್ರಾಂತಿ ಕೋಣೆಗೆ ಕರೆದೊಯ್ಯಬೇಕು, ಎಳನೀರು ಕೊಡಬೇಕು, ಆ ವಿಷಯವನ್ನು ಎರಡು ತಿಂಗಳ ನಂತರ ಬರೆಸಬೇಕು. ಎಲ್ಲವೂ ಮಗುವಿನ ಹಿತಕ್ಕಾಗಿಯೇ!

ರಾಣೆಬೆನ್ನೂರಿನ ಈ ಪರೀಕ್ಷಾ ಕೇಂದ್ರದಲ್ಲಿ ದೀಪಗಳಿಗೆ ಇದು ಎರಡನೆಯ ವರ್ಷ. ಮೊದಲ ವರ್ಷ ಹಸಿರು ದೀಪಗಳೇನೋ ಧಾರಾಳವಾಗಿ ಉರಿದಿದ್ದವು. ಫಲಿತಾಂಶ ಮಾತ್ರ ಇದ್ದಲ್ಲೇ ಇತ್ತು. ಯಾಕೆಂದು ಕಣ್ಣಾರೆ ನೋಡಲು ಮಂದಾಕಿನಿ ಸ್ವತಃ ಬಂದು ಕೊಠಡಿಯ ಹಿಂಭಾಗದಲ್ಲಿ ನಿಂತಿದ್ದರು.

"ಹದಿನಾಲ್ಕು ನಿಮಿಷ ಆತ್ರಿ ಮೇಡಮ್," ಎಂದು ಕೊಠಡಿಯ ಮೇಲ್ವಿಚಾರಕ ಹಾವನೂರ ಮಾಸ್ತರರು ಪಿಸುಗುಟ್ಟಿದರು. ಅವರ ಕೈಯಲ್ಲಿ ಮಗುವನ್ನು ವಿಶ್ರಾಂತಿ ಕೋಣೆಗೆ ಕಳಿಸುವ ನಮೂನೆ ಸಿದ್ಧವಾಗಿತ್ತು. ಅದರ ಮೇಲೆ ಕಿಟಕಿ ಪಕ್ಕದ ಹುಡುಗಿ ಶಿವಲೀಲಾಳ ಹೆಸರನ್ನೂ ಬರೆದಾಗಿತ್ತು.

ನೀರಿನ ಕೊಡ ಹೊತ್ತು ಸಾಲುಗಳ ನಡುವೆ ಓಡಾಡುತ್ತಿದ್ದ ನೀಲವ್ವ ಇದನ್ನು ಕೇಳಿಸಿಕೊಂಡಳು. ಇಪ್ಪತ್ತೆರಡು ವರ್ಷಗಳಿಂದ ಪರೀಕ್ಷೆ ಬರೆಯುವ ಮಕ್ಕಳಿಗೆ ನೀರು ಕೊಡುತ್ತಾ ಬಂದವಳು ಅವಳು.

"ಆಕಿನ್ನ ಎಬ್ಬಿಸಬ್ಯಾಡ್ರಿ," ಎಂದಳು. "ಹ್ವಾದ ವರ್ಷ ಆಕಿ ಅಕ್ಕನ್ನ ಹಿಂಗ ಎಬ್ಬಿಸಿದ್ರಿ. ಎರಡು ತಿಂಗಳು ಬಿಟ್ಟು ಬಾ ಅಂದ್ರಿ. ಬಂದ್ಲೇನು? ಪುಸ್ತಕ ಮುಟ್ಟಲಿಲ್ಲ ಆಕಿ."

ಮಂದಾಕಿನಿಯವರ ಮುಖ ಬಿಳಿಚಿತು. ಆದರೂ ಹೇಳಿದರು, "ನೀಲವ್ವ, ಆ ಹುಡುಗಿ ತುಂಬಾ ಹೆದರಿದ್ದಾಳೆ. ಎದೆಬಡಿತ ನೂರಮೂವತ್ತು ದಾಟಿದೆ."

"ಅಂಜಿದವ್ರು ನೀರು ಕೇಳ್ತಾರ್ರೀ, ಗಂಟಲು ಒಣಗಿರ್ತದ. ಈಕಿ ಮುಂದ ಮೂರು ಸಲ ಲೋಟ ಹಿಡದೀನಿ. ತಲಿ ಎತ್ತಿಲ್ಲ. ನೀವು ಒಮ್ಮೆ ಹಾಳಿ ನೋಡ್ರಿ, ದೀಪ ನೋಡಬ್ಯಾಡ್ರಿ."

ಹದಿನೇಳು ನಿಮಿಷ. ಮಂದಾಕಿನಿ ಸದ್ದಾಗದಂತೆ ಹೋಗಿ ಹುಡುಗಿಯ ಹಿಂದೆ ನಿಂತರು. ಶಿವಲೀಲಾ ಉಸಿರು ಬಿಗಿಹಿಡಿದು ಬರೆಯುತ್ತಿದ್ದಳು. ನಾಲ್ಕು ಅಂಕಗಳ ಪ್ರಮೇಯ ಕೊನೆಯ ಹಂತಕ್ಕೆ ಬಂದಿತ್ತು. ಒಂದು ಸಾಲು ಹೊಡೆದು ಹಾಕಿದಳು, ಇನ್ನೊಂದು ಬರೆದಳು, ತುಟಿಯಂಚಿನಲ್ಲಿ ನಕ್ಕಳು. ಹುರುಪಿಗೂ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಇದು ಮಂದಾಕಿನಿಗೆ ಗೊತ್ತಿಲ್ಲದ ಶಾಸ್ತ್ರವೇನಲ್ಲ. ಆದರೆ ಒಂಬತ್ತು ವರ್ಷದಲ್ಲಿ ಅದು ಒಮ್ಮೆಯೂ ನೆನಪಾಗಿರಲಿಲ್ಲ, ಅಷ್ಟೇ. ಅವರಿಗೆ ನಾಚಿಕೆಯಾಯಿತು.

"ಹತ್ತೊಂಬತ್ತು," ಎಂದು ಮಾಸ್ತರರು ನಮೂನೆ ಮುಂದೆ ಚಾಚಿದರು. ಮಂದಾಕಿನಿ ಅದನ್ನು ಇಸಿದುಕೊಂಡು, ನಾಲ್ಕಾಗಿ ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಇದರ ಹೊಣೆ ನನ್ನದು, ಅವಳು ಬರೆಯಲಿ."

ಆಮೇಲೆ ಅವರು ನೀಲವ್ವನ ಕಡೆ ತಿರುಗಿದರು. "ಹಾಗಾದರೆ ಇಲ್ಲಿ ಹೆದರಿದವರು ಯಾರು?"

"ಅಂಜಿದವ್ರು ಹೆಂಗೋ ಬರಿತಾರ್ರೀ. ನನಗ ಚಿಂತಿ ಆ ಹುಡುಗಂದು." ನೀಲವ್ವ ಕೊನೆಯ ಬೆಂಚಿನತ್ತ ಕಣ್ಣು ಹಾಯಿಸಿದಳು. "ಫಕ್ಕೀರೇಶ. ನಾಲ್ಕು ಲೋಟ ಕುಡದಾನ. ನೀರಡಿಕಿಗೆ ಅಲ್ಲ, ಮಾಡಾಕ ಬ್ಯಾರೆ ಕೆಲಸಿಲ್ಲ."

ಫಕ್ಕೀರೇಶನ ದೀಪ ಬೆಳಿಗ್ಗೆಯಿಂದ ಒಮ್ಮೆಯೂ ಬಣ್ಣ ಬದಲಿಸಿರಲಿಲ್ಲ. ಕೊಠಡಿಯಲ್ಲೇ ಅತ್ಯಂತ ತಣ್ಣನೆಯ ಹಸಿರು. ವರದಿಯ ಮುಖಪುಟಕ್ಕೆ ಹಾಕಲೆಂದು ಮಂದಾಕಿನಿ ಪರೀಕ್ಷೆಗೆ ಮುಂಚೆ ದೀಪ ಹತ್ತಿದಾಗಲೇ ಆ ಹುಡುಗನ ಫೋಟೊ ಕೂಡ ತೆಗೆಸಿದ್ದರು. ಈಗ ಹತ್ತಿರ ಹೋಗಿ ನೋಡಿದರು. ಉತ್ತರಪತ್ರಿಕೆಯಲ್ಲಿ ನೋಂದಣಿ ಸಂಖ್ಯೆ ಬಿಟ್ಟರೆ ಒಂದಕ್ಷರವಿರಲಿಲ್ಲ.

"ಹೆದರಿಕೆ ಆಗ್ತಿಲ್ಲವೇನಪ್ಪಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲರೀ," ಎಂದ ಹುಡುಗ, ವಿನಯದಿಂದಲೇ. "ನಪಾಸಾಗೂದು ಗೊತ್ತದಲ್ರೀ. ಮತ್ಯಾಕ ಅಂಜಬೇಕು?"

ಕಳೆದ ವರ್ಷದ ಆ ಹಸಿರು ದೀಪಗಳೆಲ್ಲ ಮಂದಾಕಿನಿಯವರ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಷ್ಟು ಮಕ್ಕಳು ಹೀಗೆ ಸುಮ್ಮನೆ ಕೈಕಟ್ಟಿ ಕುಳಿತಿದ್ದರೋ! ಒಬ್ಬರ ಬಳಿಗಾದರೂ ಯಾರೂ ಹೋಗಿರಲಿಲ್ಲ. ಹಸಿರಿದ್ದಲ್ಲಿಗೆ ಹೋಗುವುದು ಯಾಕೆ?

ಉತ್ತರ ಹೇಳಿಕೊಡುವಂತಿಲ್ಲ, ಕೊನೆಯ ಗಂಟೆ ಹೊಡೆಯಲು ಇನ್ನೂ ಒಂದು ತಾಸಿದೆ. "ಪ್ರಶ್ನೆಪತ್ರಿಕೆ ಪೂರ್ತಿ ಓದಿದೆಯಾ?" ಎಂದು ಕೇಳಿದರು.

"ಮೊದಲನೇ ಪುಟ ಓದೀನ್ರಿ."

"ಉಳಿದದ್ದನ್ನೂ ಓದು. ನಿನಗೆ ಬರುವುದು ಒಂದು ಸಿಕ್ಕರೂ ಸಾಕು, ಅದನ್ನು ಬರಿ. ನಾನು ಇಲ್ಲೇ ನಿಂತಿರುತ್ತೇನೆ."

ಹುಡುಗ ಒಲ್ಲದ ಮನಸ್ಸಿನಿಂದ ಪುಟ ತಿರುವಿದ. ಎರಡನೆಯದು, ಮೂರನೆಯದು. ನಾಲ್ಕನೆಯ ಪುಟದಲ್ಲಿ ಅವನ ಬೆರಳು ನಿಂತಿತು. ವೃತ್ತ ಬರೆದು ಎರಡು ಸ್ಪರ್ಶಕ ಎಳೆಯಿರಿ ಎಂಬ ಪ್ರಶ್ನೆ. ಅವನು ಅದನ್ನು ಎರಡು ಸಲ ಓದಿದ. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದ. ಎರಡು ತಾಸಿನಲ್ಲಿ ಮೊದಲ ಬಾರಿಗೆ!

ಹಸಿರು ದೀಪ ಹಳದಿಯಾಯಿತು. ಅವನು ಕಂಪಾಸಿನ ಡಬ್ಬಿ ತೆರೆದ. ಕೈವಾರಕ್ಕೆ ಪೆನ್ಸಿಲ್ ಸಿಕ್ಕಿಸಿದ. ಮೊದಲ ವೃತ್ತ ಎಳೆಯುವಷ್ಟರಲ್ಲಿ ದೀಪ ಕೆಂಪಾಗಿ ಉರಿಯತೊಡಗಿತು.

ಮಾಸ್ತರರು ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡರು. ಮಂದಾಕಿನಿ ಬೇಡವೆಂದು ಸನ್ನೆ ಮಾಡಿ, ಹುಡುಗನ ಕಣ್ಣಿಗೆ ಬೀಳದಂತೆ ಆ ದೀಪವನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತರು.

ನೀಲವ್ವ ಐದನೆಯ ಲೋಟ ನೀರು ತಂದಳು. ಫಕ್ಕೀರೇಶ ತಲೆ ಎತ್ತಲಿಲ್ಲ. ಆ ನೀರನ್ನು ಗಂಟಲು ಒಣಗಿ ನಿಂತಿದ್ದ ಮಂದಾಕಿನಿಯೇ ಕುಡಿದರು.